ಹೇಳಿ ಹೋದವರು, ಹೇಳದೆ ಹೋದವರು

ಮನೆಗೆ ಬಂದವರು ಎದ್ದು ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು. ಇದು ನಮ್ಮ ಹಿರಿಯರು ಹಾಕಿಕೊಟ್ಟ ಪದ್ಧತಿ. ಪಂಕ್ತಿಯ ಊಟಕ್ಕೆ ಕುಳಿತವರು ಎಲ್ಲರ ಊಟ ಮುಗಿಯುವ ಮೊದಲು ಎಲೆ ಬಿಟ್ಟು ಏಳಬಾರದು. ಏಳಲೇಬೇಕಾಗಿ ಬಂದರೆ ಎಡಬಲದವರಿಗೆ ಹೇಳಿ ಏಳಬೇಕು. ಹೇಳದೆ ಕೇಳದೆ ಎದ್ದು ಹೋಗುವುದು ಅಗೌರವವೆಂಬುದು ಒಂದು ಕಾರಣ. ಬಡಿಸುವವರಿಗೆ ಅದರಿಂದ ತೊಂದರೆಯೆಂಬುದು ಇನ್ನೊಂದು ಕಾರಣವಿರಬೇಕು. ಎದ್ದು ಹೋದವನ ಎಲೆಗೆ ಅನ್ನ ಬಡಿಸುತ್ತಲೇ ಇದ್ದರೆ ಅನ್ನವೂ ದಂಡ, ಬಡಿಸುವವನ ಶ್ರಮವೂ ದಂಡ.

ಈ ಹಳೆಯ ಕಟ್ಟಳೆಯ ಬೆಲೆ ನಮಗೆ ಮತ್ತೆ ತಿಳಿದು ಬಂದದ್ದು ಈಚಿನ ವರ್ಷಗಳಲ್ಲಿ, ತೀರ ಹೊಸದೊಂದು ಸಂದರ್ಭದಲ್ಲಿ. ಅದನ್ನು ಹೇಳುವ ಮೊದಲು ನಾವಿರುವ ಜಾಗದ ವಿಷಯ ಒಂದೆರಡು ಮಾತು.

ದೇಹೂ ರೋಡ್ ಎಂದೊಡನೆ ಊರಿನಿಂದ ಬರುವ ನೆಂಟರು ಅದು ತುಕಾರಾಮ ಮಹಾರಾಜರ ದೇಹೂ ಎಂದೇ ತಿಳಿಯುತ್ತಾರೆ. ರೈಲಿನಿಂದ ಇಳಿದವರೇ ಇಂದ್ರಾಯಣಿ ನದಿ ಎಲ್ಲಿ ಎಂದು ಕೇಳುತ್ತಾರೆ. ಆ ದೇಹೂ ಇಲ್ಲಿಂದ ಕೆಲವು ಮೈಲಿ ಆಚೆ. ನಮ್ಮದು ಅಲ್ಲಿಗೆ ಹೋಗುವ ದಾರಿಯ ಹೆಸರನ್ನು ಹೊತ್ತ ಒಂದು ರೈಲು ನಿಲ್ದಾಣ, ಒಂದು ಕಂಟೋನ್ಮೆಂಟು, ಸೈನ್ಯದ ಡಿಪೋ ಮತ್ತು ಒಂದು ಆರ್ಡ್‌ನನ್ಸ್ ಕಾರ್ಖಾನೆ. ಇವುಗಳಲ್ಲಿ ಕೆಲಸ ಸಿಕ್ಕಿತೆಂದು ನಾನಾ ಸೀಮೆಯವರು ಇಲ್ಲಿ ಬಂದು ನೆಲೆಸಿದರು. ತಮಿಳರು ಬಂದರು, ತೆಲುಗರು ಬಂದರು. ನಮ್ಮ ತಂದೆಯವರಂಥ ಕೆಲವು ಕನ್ನಡಿಗರೂ ಟ್ರಂಕು ಹೊತ್ತು ಬಂದರು. ಆ ಟ್ರಂಕು ಇನ್ನೂ ನಮ್ಮ ಅಟ್ಟದ ಮೇಲಿದೆ. ನಾವೂ ಇಲ್ಲೇ ಇದ್ದೇವೆ. ನಾವೆಂದರೆ ಗಂಡಹೆಂಡತಿ ಇಬ್ಬರು.

2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡು ಕುಳಿತಾಗ ನಮ್ಮ ಸಂಘದ ಸಭಾಗೃಹಕ್ಕೂ ಬೀಗ ಬಿತ್ತು. ತಿಂಗಳಿಗೊಮ್ಮೆ ನಡೆಯುತ್ತಿದ್ದ ಕಾವ್ಯವಾಚನ ನಿಂತಿತು. ನೆರೆಮನೆಯಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದಾರೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಅವರ ಬಾಯಲ್ಲಿ ಕೇಳಬೇಕು. ಅವರಿಗೆ ಓದದೆ ಜೀವ ನಿಲ್ಲದು, ನಮಗೆ ಕೇಳದೆ ನಿಲ್ಲದು. ಹಿಂಜವಡಿಯ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನಮ್ಮ ಅಕ್ಕನ ಮಗ ಇದನ್ನು ನೋಡಿ ಒಂದು ಸಣ್ಣ ಏರ್ಪಾಡು ಮಾಡಿಕೊಟ್ಟ. ಫೋನಿನಲ್ಲಿ ಒಂದು ಪುಟ ತೆರೆದು ಹೆಸರು ಬರೆದರೆ ಸಾಕು, ಮಾಸ್ತರರ ಓದು ಅವರು ಓದುತ್ತಿದ್ದ ಹಾಗೆಯೇ ಕೇಳಿಸುತ್ತದೆ. ಭಾನುವಾರ ಸಂಜೆ ಆರೂವರೆಗೆ ನಮ್ಮ ನಡುಮನೆಯೇ ವೇದಿಕೆಯಾಯಿತು. ಪಿಂಪ್ರಿ, ಚಿಂಚವಾಡ, ಆಕುರ್ಡಿಯವರು ಸೇರಿದರು. ಮಾಟುಂಗಾ, ಡೊಂಬಿವಲಿಯವರು ಸೇರಿದರು. ಪರದೇಶದಲ್ಲಿದ್ದ ಮಕ್ಕಳು ಕೆಲವರೂ ಸೇರಿದರು. ಬೀಗ ತೆಗೆದ ಮೇಲೂ ಈ ಓದು ನಿಲ್ಲಲಿಲ್ಲ.

ಎರಡು ವಾರ ಕಳೆಯುವುದರೊಳಗೆ ಮಾಸ್ತರರು ಗೊಣಗತೊಡಗಿದರು. “ಸಭಾದಾಗ ಓದುವಾಗ ಯಾರು ತಲಿ ದೂಗತಾರ, ಯಾರು ಆಕಳಸತಾರ, ಯಾರು ಮೆಲ್ಲಕ ಎದ್ದು ಚಪ್ಪಲಿ ಹುಡುಕತಾರ, ಎಲ್ಲಾ ಕಾಣತಿತ್ತು. ಇಲ್ಲಿ ಗ್ವಾಡಿಗೆ ಓದಿದಂಗ ಆಗತದ.” ಅವರ ಮಾತು ನಿಜ. ಓದುವವನಿಗೆ ಕೇಳುವವನ ಮುಖವೇ ಅರ್ಧ ಉಸಿರು. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾದಂದಿನಿಂದ ಎಷ್ಟು ಮಂದಿ ವಿದ್ವಾಂಸರು ಅಲ್ಲಿನ ಮೈಕಿನ ಮುಂದೆ ಕುಳಿತು ಹಾಡಿದ್ದಾರೆ, ಓದಿದ್ದಾರೆ. ಯಾವ ಮನೆಯಲ್ಲಿ ರೇಡಿಯೋದ ಕಿವಿ ತಿರುವಿದರು, ಯಾವ ಮನೆಯಲ್ಲಿ ಒಲೆಯ ಮೇಲಿನ ಹಾಲು ಮರೆತು ಕೇಳಿದರು ಎಂಬುದು ಅವರಿಗೆ ಗೊತ್ತಾಗುವಂತಿರಲಿಲ್ಲ. ರೇಡಿಯೋ ಒಮ್ಮುಖದ ದಾರಿ. ಆದರೆ ಈ ಹೊಸ ಏರ್ಪಾಡಿನಲ್ಲಿ ದಾರಿ ಎರಡೂ ಕಡೆಗೆ ಇದೆಯಲ್ಲ, ಯಾರಿದ್ದಾರೆ ಯಾರಿಲ್ಲ ಎಂದು ತೋರಿಸಬಾರದೇಕೆ ಎಂದು ಅಳಿಯನನ್ನು ಕೇಳಿದೆವು. ಮುಂದಿನ ಭಾನುವಾರ ಪುಟದ ಒಂದು ಮಗ್ಗುಲಲ್ಲಿ ಕೇಳುಗರ ಹೆಸರುಗಳು ಬಂದವು. ಪ್ರತಿ ಹೆಸರಿನ ಮುಂದೆ ಒಂದು ಹಸಿರು ದೀಪ. ಬಂದರೆ ದೀಪ ಹತ್ತುತ್ತದೆ, ಹೋದರೆ ಆರುತ್ತದೆ. ಮಾಸ್ತರರ ಕಂಠಕ್ಕೆ ಮತ್ತೆ ಕಳೆ ಬಂತು.

ಈ ಸಂತೋಷ ಮಳೆಗಾಲದವರೆಗೆ ನಡೆಯಿತು. ಒಂದು ಸಂಜೆ ದ್ಯೂತದ ಪ್ರಸಂಗ ಓದುತ್ತಿರುವಾಗ ಆಕುರ್ಡಿಯಿಂದ ಒಬ್ಬರು ಫೋನು ಮಾಡಿದರು. “ಇಲ್ಲಿ ಕರೆಂಟು ಹೋಗಿ ಹತ್ತು ನಿಮಿಷ ಆತ್ರಿ. ಧರ್ಮರಾಯ ಏನೇನು ಸೋತ?” ನಾವು ಪರದೆಯನ್ನು ನೋಡಿದರೆ ಅವರ ಹೆಸರಿನ ದೀಪ ಹಸಿರಾಗಿ ಉರಿಯುತ್ತಿದೆ! ಇನ್ನೂ ಎರಡು ನಿಮಿಷಕ್ಕೆ ಅವರ ಮನೆಗೆ ಕರೆಂಟು ಬಂತು, ಅವರು ಮತ್ತೆ ಪುಟ ತೆರೆದರು. ಈಗ ಅವರ ಹೆಸರು ಎರಡು ಸಲ, ದೀಪ ಎರಡು. ಒಬ್ಬರೇ ಇಬ್ಬರಾಗಿ ಕುಳಿತು ಭಾರತ ಕೇಳುತ್ತಿದ್ದರು. ಸಂಘದ ವರದಿಯಲ್ಲಿ ವಾರದಿಂದ ವಾರಕ್ಕೆ ಕೇಳುಗರು ಹೆಚ್ಚುತ್ತಿದ್ದುದರ ಗುಟ್ಟು ಆಗ ಬಯಲಾಯಿತು. ಕಾರ್ಯದರ್ಶಿಗಳ ಮುಖ ಸಣ್ಣದಾಯಿತು.

ಅಳಿಯನನ್ನು ಕರೆಸಿ ಕೇಳಿದೆವು. ಅವನು ನಕ್ಕು, “ಮಾಮಾ, ಹೇಳಿ ಹೋದವ್ರು ಗೊತ್ತಾಗತಾರ್ರಿ. ಹೇಳದ ಹೋದವ್ರು ಹೋಗ್ಯಾರಂತ ಯಾರು ಬಂದು ಹೇಳಬೇಕು?” ಎಂದ.

ಅವನು ಬಿಡಿಸಿ ಹೇಳಿದ್ದರ ಸಾರ ಇಷ್ಟು. ಫೋನಿಗೂ, ನಮ್ಮ ಪುಟವನ್ನು ನಡೆಸುವ ದೂರದ ಕಂಪ್ಯೂಟರಿಗೂ, ಅಂದರೆ ಸರ್ವರಿಗೂ, ನಡುವೆ ಸಂಪರ್ಕವಿದೆ ಎನ್ನುತ್ತೇವೆ. ಅದು ಹಗ್ಗ ಕಟ್ಟಿದ ಹಾಗಲ್ಲ, ಒಂದು ತುದಿ ಬಿಟ್ಟರೆ ಇನ್ನೊಂದು ತುದಿ ಸಡಿಲವಾಗುವುದಿಲ್ಲ. ಎರಡು ಅಂಗಡಿಯವರು ತಂತಮ್ಮ ಖಾತೆ ಪುಸ್ತಕದಲ್ಲಿ ಒಬ್ಬರ ಹೆಸರನ್ನು ಒಬ್ಬರು ಬರೆದುಕೊಂಡ ಹಾಗೆ, ಅಷ್ಟೆ. ನಡುವೆ ಓಡಾಡುವುದು ಸಣ್ಣ ಸಣ್ಣ ಮಾತಿನ ಪೊಟ್ಟಣಗಳು. ಕೇಳುಗರು ಪುಟವನ್ನು ಕ್ರಮವಾಗಿ ಮುಚ್ಚಿದರೆ ‘ಹೋಗಿ ಬರುತ್ತೇನೆ’ ಎಂಬ ಒಂದು ಪೊಟ್ಟಣ ಸರ್ವರಿಗೆ ತಲುಪುತ್ತದೆ. ಅದು ಹೆಸರು ಹೊಡೆದು ದೀಪ ಆರಿಸುತ್ತದೆ. ಆದರೆ ಕರೆಂಟು ಹೋದರೆ, ವೈಫೈ ಪೆಟ್ಟಿಗೆ ಸತ್ತರೆ, ಬ್ಯಾಟರಿ ಮುಗಿದರೆ, ವಿದಾಯ ಹೇಳಲು ಬಾಯೇ ಇರುವುದಿಲ್ಲ. ತಂತಿ ಕಡಿದಿದೆ ಎಂಬ ಸುದ್ದಿ ಕಡಿದ ತಂತಿಯ ಮೇಲೆ ಬರಲಾರದು. ಈ ತುದಿಯ ಖಾತೆಯಲ್ಲಿ ಹೆಸರು ಹಾಗೆಯೇ ಉಳಿಯುತ್ತದೆ. ಫೋನು ಕೂಡ ಕೆಲವೊಮ್ಮೆ ಇದೇ ಕೆಲಸ ಮಾಡುತ್ತದಂತೆ. ಬೇರೆ ಕೆಲಸಕ್ಕೆ ಹೊರಳಿದರೆ ಬ್ಯಾಟರಿ ಉಳಿಸಲೆಂದು ಹಿಂದಿನ ಪುಟವನ್ನು ಸದ್ದಿಲ್ಲದೆ ಮಲಗಿಸಿಬಿಡುತ್ತದೆ. ಆ ಪುಟಕ್ಕೆ ಹೋಗಿ ಬರುತ್ತೇನೆ ಎನ್ನುವಷ್ಟೂ ಪುರುಸೊತ್ತು ಸಿಗುವುದಿಲ್ಲ.

ಇದು ಇಂದಿನ ತೊಡಕೂ ಅಲ್ಲ. ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಈ ಪದ್ಧತಿಯನ್ನು ವಿಂಟನ್ ಸರ್ಫ್, ರಾಬರ್ಟ್ ಕಾನ್ ಎಂಬ ಇಬ್ಬರು 1974ರಲ್ಲಿ ವಿವರಿಸಿದರು. ಟಿಸಿಪಿ ಎಂಬ ಹೆಸರಿನ ಅದರ ನಿಯಮಾವಳಿ 1981ರ ಸೆಪ್ಟೆಂಬರಿನಲ್ಲಿ ಹೊರಬಂತು. ಒಂದು ತುದಿ ಸತ್ತು ಇನ್ನೊಂದು ತುದಿಗೆ ಅದು ಗೊತ್ತಿಲ್ಲದಿರುವ ಸ್ಥಿತಿಗೆ ಆಗಲೇ ಹೆಸರಿಟ್ಟಿದ್ದರು. ಕನ್ನಡದಲ್ಲಿ ಅರೆತೆರೆದ ಸಂಪರ್ಕ ಎನ್ನಬಹುದು. ಇದಕ್ಕೆ ಉಪಾಯವೂ ಇತ್ತು. ಬಹಳ ಹೊತ್ತು ಎರಡೂ ಕಡೆ ಸುಮ್ಮನಿದ್ದರೆ ‘ಇದ್ದೀಯಾ?’ ಎಂದು ಕೇಳಿ ನೋಡುವುದು. ಆದರೆ 1989ರ ಅಕ್ಟೋಬರಿನ ಇನ್ನೊಂದು ನಿಯಮ, ತಾನಾಗಿ ಹೀಗೆ ಕೇಳುವ ಅವಧಿ ಎರಡು ಗಂಟೆಗಿಂತ ಕಡಿಮೆ ಇರಬಾರದು ಎಂದಿತು. ಪೊಟ್ಟಣದ ಲೆಕ್ಕದಲ್ಲಿ ದುಡ್ಡು ಕೊಡಬೇಕಾದ ದಾರಿಗಳೂ ಇದ್ದ ಕಾಲ ಅದು. ಸುಮ್ಮಸುಮ್ಮನೆ ಯೋಗಕ್ಷೇಮ ವಿಚಾರಿಸುವುದು ದುಬಾರಿ. ಇವತ್ತಿಗೂ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಇದ್ದ ಹಾಗೇ ಬಿಟ್ಟರೆ ಲೆಕ್ಕ ಹೀಗಿದೆ: 7200 ಸೆಕೆಂಡು ಮೌನ, ಆಮೇಲೆ 75 ಸೆಕೆಂಡಿಗೊಮ್ಮೆಯಂತೆ 9 ಸಲ ಕೇಳುವುದು, ಅದಕ್ಕೂ ಉತ್ತರ ಬಾರದಿದ್ದರೆ ಹೆಸರು ಹೊಡೆಯುವುದು. ಒಟ್ಟು ಎರಡು ಗಂಟೆ ಹನ್ನೊಂದೂಕಾಲು ನಿಮಿಷ. ನಮ್ಮ ಹಾಗೆ ಎಡೆಬಿಡದೆ ದನಿ ಕಳಿಸುತ್ತಿರುವಲ್ಲಿ, ಕಳಿಸಿದ್ದು ಮುಟ್ಟಿತೆಂಬ ರಸೀದಿ ಬಾರದೆ ಇರುವುದರಿಂದ ಸ್ವಲ್ಪ ಬೇಗ ಅನುಮಾನ ಬರುತ್ತದೆ. ಆದರೂ ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಿ ನೋಡಿ ಕೈಬಿಡುವ ಹೊತ್ತಿಗೆ ಸುಮಾರು ಕಾಲು ಗಂಟೆ ದಾಟುತ್ತದೆ. ಆಕುರ್ಡಿಯವರ ದೀಪ ಉರಿಯುತ್ತಿದ್ದುದು ಈ ಕಾಲು ಗಂಟೆಯ ಒಳಗೆ. ಎದ್ದು ಹೋದವರ ಎಲೆಗೆ ಬಡಿಸುತ್ತಲೇ ಇದ್ದೆವು.

ಪರಿಹಾರವೇನೆಂದು ಕೇಳಿದೆವು. ಅವನು ಹೇಳಿದ ಪರಿಹಾರ ಕೇಳಿ ನಮ್ಮಿಬ್ಬರಿಗೂ ನಗು ಬಂತು, ಏಕೆಂದರೆ ಅದು ನಮ್ಮ ಅಜ್ಜಿಯ ಪರಿಹಾರ.

ಅಜ್ಜಿ ಕಥೆ ಹೇಳುವಾಗ ಮೊದಲೇ ಕರಾರು ಮಾಡಿಕೊಳ್ಳುತ್ತಿದ್ದಳು, “ಹೂಂ ಅನಬೇಕು, ಇಲ್ಲಂದ್ರ ಕಥಿ ಹೇಳೂದಿಲ್ಲ” ಎಂದು. ಕತ್ತಲೆಯಲ್ಲಿ ಮಕ್ಕಳ ಮುಖ ಕಾಣಿಸದು. ‘ಒಂದೂರಾಗ ಒಬ್ಬ ರಾಜ ಇದ್ದ’, ‘ಹೂಂ’. ‘ಅವಗ ಇಬ್ಬರು ಹೆಂಡರು’, ‘ಹೂಂ’. ಹೂಂ ಬರುವ ತನಕ ಕಥೆ ಓಡುತ್ತಿತ್ತು. ಒಂದು ಸಲ ಹೂಂ ಬಾರದಿದ್ದರೆ ಅಜ್ಜಿ ತಡೆದು ಕೇಳುತ್ತಿದ್ದಳು, “ಮಲಗಿದ್ಯಾ?” ಎರಡನೆಯ ಸಲವೂ ಬಾರದಿದ್ದರೆ ಕಥೆ ನಿಲ್ಲಿಸಿ ಕೌದಿ ಹೊದಿಸುತ್ತಿದ್ದಳು. ಹೂಂಗುಟ್ಟುವುದು ಕಥೆಯ ಸೊಗಸಿಗೆ ಮಾತ್ರ ಎಂದು ತಿಳಿದಿದ್ದೆವು. ಈಗ ನೋಡಿದರೆ ಅದೊಂದು ಪಕ್ಕಾ ಲೆಕ್ಕಾಚಾರ. ವೆಬ್‌ಸಾಕೆಟ್ ಎಂಬ ಈಗಿನ ಪದ್ಧತಿಯ ನಿಯಮ 2011ರ ಡಿಸೆಂಬರಿನಲ್ಲಿ ಬಂತು. ಅದರಲ್ಲಿ ಒಂದು ಕಡೆಯವರು ‘ಪಿಂಗ್’ ಎಂದರೆ ಇನ್ನೊಂದು ಕಡೆಯವರು ‘ಪಾಂಗ್’ ಎನ್ನಲೇಬೇಕು. ಅಜ್ಜಿಯ ಕಥೆ, ಮೊಮ್ಮಗನ ಹೂಂ. ಅದೇ ನಿಯಮಾವಳಿಯಲ್ಲಿ ಹೊರಟು ಹೋಗುವುದಕ್ಕೂ ಅಂಕಿಗಳಿವೆ. ಕ್ರಮವಾಗಿ ಮುಗಿಸಿ ಹೊರಟವನು 1000 ಎಂದು ಹೇಳಿ ಹೋಗುತ್ತಾನೆ. 1006 ಎಂಬ ಇನ್ನೊಂದು ಅಂಕಿಯಿದೆ. ಅದನ್ನು ಯಾರೂ ಯಾರಿಗೂ ಕಳಿಸುವಂತಿಲ್ಲ. ಹೇಳದೆ ಹೋದನು ಎಂದು ಉಳಿದವನು ತನ್ನ ಪುಸ್ತಕದಲ್ಲಿ ತಾನೇ ಬರೆದುಕೊಳ್ಳುವ ಅಂಕಿ ಅದು. ಇದನ್ನು ಕೇಳಿ ಮಾಸ್ತರರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ಉಪಾಯ ಸಿಕ್ಕಿತು. ತಕರಾರು ಹುಟ್ಟಿದ್ದು ಎಷ್ಟು ಹೊತ್ತು ಕಾಯಬೇಕು ಎಂಬುದರಲ್ಲಿ. ಅಳಿಯ ಇಪ್ಪತ್ತು ಸೆಕೆಂಡಿಗೊಮ್ಮೆ ಪಿಂಗ್ ಕಳಿಸಿ, ಮೂರು ಸಲ ಉತ್ತರ ಬಾರದಿದ್ದರೆ ದೀಪ ಆರಿಸಿದ. ಸುಳ್ಳು ದೀಪಗಳೇನೋ ಹೋದವು. ಆದರೆ ಭಾನುವಾರ ಸಂಜೆ ಮುಂಬಯಿಯಿಂದ ಡೆಕ್ಕನ್ ಕ್ವೀನ್‌ನಲ್ಲಿ ಪುಣೆಗೆ ಮರಳುವ ಒಬ್ಬ ಕೇಳುಗರಿದ್ದಾರೆ. ಕರ್ಜತ್ ಬಿಟ್ಟು ಬೋರ್ ಘಾಟ್ ಹತ್ತುವಾಗ ಸುರಂಗದ ಮೇಲೆ ಸುರಂಗ. ಲೋನಾವಳಾ ಬರುವುದರೊಳಗೆ ಅವರ ದೀಪ ಎಷ್ಟೋ ಸಲ ಆರಿ ಎಷ್ಟೋ ಸಲ ಹತ್ತುತ್ತಿತ್ತು. “ನಾ ಎಲ್ಲೂ ಹೋಗಿಲ್ರಿ, ಗುಡ್ಡದೊಳಗ ಇದ್ದೆ” ಎಂಬುದು ಅವರ ದೂರು. ಬೇಗ ಆರಿಸಿದರೆ ಇದ್ದವರನ್ನು ಇಲ್ಲವೆಂದಂತೆ. ತಡವಾಗಿ ಆರಿಸಿದರೆ ಇಲ್ಲದವರನ್ನು ಇದ್ದಾರೆಂದಂತೆ. ಎರಡು ಸುಳ್ಳಿನಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಯಾವುದನ್ನು ಎಂದು ಯಂತ್ರ ಹೇಳಲಾರದು.

ಯೋಚಿಸಿದರೆ, ಕಾಯುವ ಅವಧಿ ಎಲ್ಲ ಕಡೆಗೂ ಒಂದೇ ಆಗಿರಲಾರದು. ನಮ್ಮ ನಿಲ್ದಾಣದಲ್ಲಿ ನಿಂತು ಹೋಗುವ ಪುಣೆ–ಲೋನಾವಳಾ ಲೋಕಲನ್ನೇ ನೋಡಿ. ಗಾಡಿ ಓಡುವಾಗ ಮೋಟರ್‌ಮನ್ ಒಂದು ಹಿಡಿಕೆಯನ್ನು ಒತ್ತಿಯೇ ಇರಬೇಕು. ಅವನ ಕೈ ಸಡಿಲವಾದರೆ ಗಾಡಿ ತಾನಾಗಿ ಬ್ರೇಕು ಹಾಕಿಕೊಳ್ಳುತ್ತದೆ. ಅಲ್ಲಿ ‘ಪಾಪ, ಇನ್ನೊಂದಿಷ್ಟು ನೋಡೋಣ’ ಎನ್ನುವ ಹಾಗಿಲ್ಲ. ಹಿಂದೆ ಸಾವಿರಾರು ಜೀವ ಕುಳಿತಿವೆ. ಇತ್ತ ನಮ್ಮ ತಂದೆಯವರು 1970ರ ದಶಕದಲ್ಲಿ ಪಗಾರವಾದ ಮರುದಿನ ಊರಿಗೆ ಮನಿ ಆರ್ಡರ್ ಮಾಡುತ್ತಿದ್ದರು. ಹಣ ಮುಟ್ಟಿತೆಂಬ ಚೀಟಿ ಅಜ್ಜಿಯ ಹೆಬ್ಬೆಟ್ಟಿನ ಗುರುತಿನೊಡನೆ ತಿರುಗಿ ಬರುತ್ತಿತ್ತು. ಮನೆಯವರಿಗೆ ಆ ಚೀಟಿ ಹಣದ ರಸೀದಿ ಮಾತ್ರ ಆಗಿರಲಿಲ್ಲ. ಅಜ್ಜಿ ಇದ್ದಾಳೆ, ಹೆಬ್ಬೆಟ್ಟು ಒತ್ತಲು ಕೈಯಾಡುತ್ತಿದೆ ಎಂಬುದಕ್ಕೆ ಸಾಕ್ಷಿ. ಹದಿನೈದು ದಿನದ ತನಕ ಯಾರೂ ಚಿಂತಿಸುತ್ತಿರಲಿಲ್ಲ. ಹದಿನಾರನೆಯ ದಿನದಿಂದ ತಾಯಿಯವರು ಅಂಚೆಯವನ ಸೈಕಲ್ಲಿಗೆ ಕಿವಿಗೊಡುತ್ತಿದ್ದರು. ಆ ಹೆಬ್ಬೆಟ್ಟು ಆಗಿನ ಪಾಂಗ್, ಆ ಹದಿನೈದು ದಿನ ಆಗಿನ ಅವಧಿ. ನೀರಿಗೆ ಹಾಕಿದ ತಮ್ಮ ಅಭಂಗಗಳಿಗಾಗಿ ತುಕಾರಾಮರು ಇಂದ್ರಾಯಣಿಯ ದಂಡೆಯಲ್ಲಿ ಹದಿಮೂರು ದಿನ ಅನ್ನನೀರು ಬಿಟ್ಟು ಕುಳಿತರೆಂದು ಇಲ್ಲಿನ ಪ್ರತೀತಿ. ಎಷ್ಟು ಕಾಯಬೇಕೆಂಬುದು ಕಳೆದುಕೊಳ್ಳುವ ವಸ್ತುವಿನ ಬೆಲೆಯನ್ನು ನೋಡಿ ಗೊತ್ತುಮಾಡುವ ಮಾತು.

ಕೊನೆಗೆ ಹೀಗೆ ಇತ್ಯರ್ಥವಾಯಿತು. ಮೂರು ಪಿಂಗಿಗೆ ಉತ್ತರ ಬಾರದಿದ್ದರೆ ದೀಪ ಹಳದಿಯಾಗುವುದು. ಐದು ನಿಮಿಷವಾದರೂ ಬಾರದಿದ್ದರೆ ಆರುವುದು. ಅದೇ ಫೋನಿನಿಂದ ಮರಳಿ ಬಂದವರು ಹಳೆಯ ಹೆಸರಿನಲ್ಲೇ ಕೂರುವುದು. ಹಳದಿ ಎಂದರೆ ‘ಗೊತ್ತಿಲ್ಲ’. ಇದ್ದಾರೆ, ಇಲ್ಲ ಎಂಬೆರಡರ ನಡುವೆ ಗೊತ್ತಿಲ್ಲ ಎಂಬುದೊಂದಿದೆ ಎಂದು ಒಪ್ಪಿದ ಮೇಲೆ ಅರ್ಧ ಜಗಳ ತೀರಿತು. ಘಾಟಿನವರೂ ಸಮಾಧಾನಪಟ್ಟರು.

ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ.

ನಮ್ಮ ಕೇಳುಗರಲ್ಲಿ ಗದಗಿನ ಕಡೆಯ ಒಬ್ಬ ತಾಯಿ ಇದ್ದಾರೆ. ಚಿಂಚವಾಡದ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಒಬ್ಬರೇ ಇರುವುದು. ಕುಮಾರವ್ಯಾಸ ತಮ್ಮೂರಿನ ವೀರನಾರಾಯಣನ ಗುಡಿಯಲ್ಲಿ ಕುಳಿತು ಭಾರತ ಬರೆದನೆಂಬ ಹೆಮ್ಮೆ ಅವರಿಗೆ. ಒಂದು ಭಾನುವಾರವೂ ತಪ್ಪಿಸಿದವರಲ್ಲ. ಮಗ ದುಬೈಯಲ್ಲಿದ್ದಾನೆ. ಅವನೂ ಅಲ್ಲಿಂದ ಪುಟ ತೆರೆಯುತ್ತಾನೆ. ಓದು ಕೇಳುವುದಕ್ಕಿಂತ ಹೆಚ್ಚಾಗಿ ದೀಪ ನೋಡುವುದಕ್ಕೆ. “ಅವ್ವನ ದೀಪ ಹಸಿರ ಐತಿ ಅಂದ್ರ ನಾ ನಿಶ್ಚಿಂತಿ” ಎಂದು ಅವನೇ ಒಮ್ಮೆ ನಮಗೆ ಹೇಳಿದ್ದ. ಒಂದು ಭಾನುವಾರ ಆ ತಾಯಿಯ ದೀಪ ಆರೂವರೆಗೆ ಹತ್ತಿದ್ದು ಎಂಟರವರೆಗೂ ಹಸಿರಾಗಿಯೇ ಇತ್ತು, ಒಮ್ಮೆಯೂ ಹಳದಿಯಾಗಲಿಲ್ಲ. ಮಗ ನೆಮ್ಮದಿಯಿಂದ ಮಲಗಿದ.

ಮರುದಿನ ಬೆಳಿಗ್ಗೆ ಎದುರು ಮನೆಯ ಮರಾಠಿ ಹೆಣ್ಣುಮಗಳು ನೋಡಿದಳು: ಅಜ್ಜಿಯ ಬಾಗಿಲ ಹಿಡಿಕೆಗೆ ಹಾಲಿನವನು ತೂಗುಹಾಕಿದ್ದ ಚೀಲದಲ್ಲಿ ಹಾಲಿನ ಪಾಕೀಟು ಒಂಬತ್ತಾದರೂ ಹಾಗೆಯೇ ಇದೆ. ಏಳಕ್ಕೆ ಮೊದಲು ಹಾಲು ಒಳಗೆ ಹೋಗದ ದಿನವೇ ಇಲ್ಲ. ಬಾಗಿಲು ಬಡಿದಳು, ಉತ್ತರವಿಲ್ಲ. ತನ್ನ ಬಳಿಯಿದ್ದ ಇನ್ನೊಂದು ಕೀಲಿಯಿಂದ ತೆರೆದು ನೋಡಿದರೆ ಅಜ್ಜಿ ಹಾಸಿಗೆಯಲ್ಲಿ ಜ್ವರದಿಂದ ಕೆಂಡವಾಗಿದ್ದಾರೆ, ಮಾತು ತೊದಲುತ್ತಿದೆ. ತಲೆಯ ಬಳಿ ಮಗ ಕೊಡಿಸಿದ ಟ್ಯಾಬು ಚಾರ್ಜಿಗೆ ಹಾಕಿದ ಹಾಗೆಯೇ ಇದೆ. ಓದು ಶುರುವಾದ ಸ್ವಲ್ಪ ಹೊತ್ತಿಗೇ ಅವರಿಗೆ ಎಚ್ಚರ ತಪ್ಪಿದಂತಾಗಿತ್ತು. ಆಸ್ಪತ್ರೆಯಲ್ಲಿ ನಾಲ್ಕು ದಿನವಿದ್ದು ಗುಣವಾಗಿ ಬಂದರು. ಇನ್ನೂ ಅರ್ಧ ದಿನ ಕಳೆದಿದ್ದರೆ ಏನಾಗುತ್ತಿತ್ತೆಂದು ಹೇಳಬರುತ್ತಿರಲಿಲ್ಲ ಎಂದರಂತೆ ಡಾಕ್ಟರು.

ಅಳಿಯ ದಾಖಲೆಯನ್ನು ತೆಗೆದು ನೋಡಿದ. ಆ ಒಂದೂವರೆ ಗಂಟೆಯಲ್ಲಿ ಕೇಳಿದ ಪ್ರತಿ ಪಿಂಗಿಗೂ ಟ್ಯಾಬು ತಪ್ಪದೆ ಪಾಂಗ್ ಎಂದಿದೆ. ಅದರ ಕರ್ತವ್ಯದಲ್ಲಿ ಲೋಪವಿಲ್ಲ. ಪಿಂಗಿಗೆ ಉತ್ತರ ಕೊಡುವುದು ಯಂತ್ರ. ಅದಕ್ಕೆ ಮನುಷ್ಯರ ಬೆರಳು ಬೇಡ, ಕಿವಿ ಬೇಡ, ಎಚ್ಚರ ಬೇಡ. ಹಸಿರು ದೀಪ ಹೇಳಿದ್ದು ಟ್ಯಾಬು ಕ್ಷೇಮವಾಗಿದೆ ಎಂದು. ಮಗ ಓದಿಕೊಂಡದ್ದು ಅವ್ವ ಕ್ಷೇಮವಾಗಿದ್ದಾಳೆ ಎಂದು. ಅಜ್ಜಿಯ ಕಥೆಗೆ ಹೂಂ ಎನ್ನುತ್ತಿದ್ದವರು ಮಕ್ಕಳು. ಇಲ್ಲಿ ಹೂಂ ಎಂದದ್ದು ಮಕ್ಕಳ ದಿಂಬು.

ಹೋಗುವುದು ಮೂರು ಬಗೆ ಎಂದು ನಮಗೆ ಆಗ ತಿಳಿಯಿತು. ಹೇಳಿ ಹೋಗುವುದು ಒಂದು. ಅದು ಯಂತ್ರಕ್ಕೆ ತಾನಾಗಿ ತಿಳಿಯುತ್ತದೆ. ದಾರಿ ಕಡಿದು ಹೋಗುವುದು ಎರಡನೆಯದು. ಅದನ್ನು ಯಂತ್ರ ಕೇಳಿ ಕೇಳಿ ತಿಳಿದುಕೊಳ್ಳಬಲ್ಲದು. ದೀಪ ಉರಿಯುತ್ತಿದ್ದು ಮನುಷ್ಯರಿಲ್ಲದಿರುವುದು ಮೂರನೆಯದು. ಅದನ್ನು ಮನುಷ್ಯರೇ ಕೇಳಿ ತಿಳಿಯಬೇಕು. ಹಾಲಿನ ಪಾಕೀಟನ್ನು ನೋಡಿದ ಆ ಹೆಣ್ಣುಮಗಳಿಗೆ ಕನ್ನಡ ಬಾರದು, ಭಾರತದ ಓದು ಅವಳು ಕೇಳಿಲ್ಲ. ಅಜ್ಜಿಯ ಹೂಂ ಯಾವುದೆಂದು ಅವಳಿಗೆ ಮಾತ್ರ ಗೊತ್ತಿತ್ತು.

ಈಗ ನಮ್ಮ ಪುಟದಲ್ಲಿ ‘ಹೂಂ’ ಎಂಬ ಒಂದು ಗುಂಡಿಯಿದೆ. ಪ್ರತಿ ಪ್ರಸಂಗ ಮುಗಿದಾಗ ಮಾಸ್ತರರು ನಿಲ್ಲಿಸಿ, “ಹೂಂ ಅನ್ರಿ” ಎನ್ನುತ್ತಾರೆ, ಕೇಳುಗರು ಒತ್ತುತ್ತಾರೆ. ಒಬ್ಬರೇ ಇರುವ ಹಿರಿಯರಿಂದ ಹೂಂ ಬಾರದಿದ್ದರೆ ಸರದಿಯಲ್ಲಿರುವವರು ಫೋನು ಮಾಡಬೇಕು. ಫೋನೂ ಎತ್ತದಿದ್ದರೆ ಹತ್ತಿರವಿದ್ದು ಹೋಗಿ ಬಾಗಿಲು ಬಡಿಯಬಲ್ಲ ಒಬ್ಬರ ನಂಬರು ಮೊದಲೇ ಬರೆದಿಟ್ಟಿದೆ. ಒಪ್ಪಿದವರದು ಮಾತ್ರ, ಒಲ್ಲೆನೆಂದವರಿಗೆ ಒತ್ತಾಯವಿಲ್ಲ. ಹತ್ತರಲ್ಲಿ ಒಂಬತ್ತು ಸಲ ಅವರು ತೂಕಡಿಸುತ್ತಿರುತ್ತಾರೆ, ಇಲ್ಲವೆ ಕುಕ್ಕರಿನ ಸೀಟಿಗೆ ಓಡಿರುತ್ತಾರೆ. ನಿದ್ದೆ ಕೆಡಿಸಿದ್ದಕ್ಕೆ ಬೈಸಿಕೊಳ್ಳುತ್ತೇವೆ. ಆ ಬೈಗುಳವೂ ಒಂದು ಹೂಂ ಎಂದು ಲೆಕ್ಕಕ್ಕೆ ಹಿಡಿದಿದ್ದೇವೆ. ಎಲ್ಲರಿಗಿಂತ ಮೊದಲು ಗುಂಡಿ ಒತ್ತುವವರು ಈಗ ಚಿಂಚವಾಡದ ಆ ತಾಯಿಯೇ.

ಇದನ್ನು ಇಲ್ಲಿ ಬರೆದದ್ದು ನಮ್ಮ ಓದಿನ ಜಾಹೀರಾತಿಗೆ ಅಲ್ಲ. ಈ ಮಾಸಿಕವನ್ನು ಓದುವ ನಮ್ಮೆಲ್ಲರ ಮನೆಯಲ್ಲೂ ಒಂದು ತುದಿ ಇಲ್ಲಿ, ಒಂದು ತುದಿ ಊರಿನಲ್ಲಿ. ಹಾವೇರಿಯಲ್ಲೋ ತೀರ್ಥಹಳ್ಳಿಯಲ್ಲೋ ವಯಸ್ಸಾದವರು ಒಬ್ಬರೇ ಇದ್ದಾರೆ. ಫೋನಿನಲ್ಲಿ ‘ಕೊನೆಯ ಬಾರಿ ಕಂಡದ್ದು’ ಇಷ್ಟು ಗಂಟೆಗೆ ಎಂದು ತೋರಿಸಿದರೆ ನಮಗೆ ಸಮಾಧಾನ. ಅದು ಫೋನಿನ ಕ್ಷೇಮಸಮಾಚಾರ, ಅಷ್ಟಕ್ಕೇ ನಂಬಬೇಕು. ಮೂರು ಮಾತನ್ನು ಮನೆಯವರೊಡನೆ ಕುಳಿತು ಗೊತ್ತುಮಾಡಿಕೊಳ್ಳಿ: ದಿನಕ್ಕೊಂದು ಹೂಂ ಯಾವುದು, ಬಾರದಿದ್ದರೆ ಎಷ್ಟು ಹೊತ್ತು ಕಾಯುವುದು, ಆ ಹೊತ್ತು ಮೀರಿದರೆ ಹೋಗಿ ಬಾಗಿಲು ಬಡಿಯುವವರು ಯಾರು. ಮೂರನೆಯ ಮಾತು ಬಿಟ್ಟರೆ ಮೊದಲಿನ ಎರಡರಿಂದ ಚಿಂತೆ ಹೆಚ್ಚುವುದೊಂದೇ ಲಾಭ.

ಹೂಂ ಯಾವುದೆಂದು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಬೆಳಿಗ್ಗೆ ಆರೂವರೆಗೆ ಸರಿಯಾಗಿ ಊರಿನಿಂದ ಬರುತ್ತದಲ್ಲ, ಗುಲಾಬಿ ಹೂವಿನ ಚಿತ್ರದ ಮೇಲೆ ‘ಶುಭೋದಯ’ ಎಂದು ಬರೆದದ್ದು. ನಾವೆಲ್ಲ ನಕ್ಕು ಅಳಿಸಿಹಾಕುವುದು. ಅದನ್ನು ಕಳಿಸುವುದಕ್ಕೆ ಒಬ್ಬರು ಎದ್ದು, ಕನ್ನಡಕ ಹುಡುಕಿ, ಚಿತ್ರ ಆರಿಸಿ, ಬೆರಳಿನಿಂದ ಒತ್ತಿರುತ್ತಾರೆ. ಅದು ಟ್ಯಾಬಿನ ಪಾಂಗ್ ಅಲ್ಲ, ಅಜ್ಜಿಯ ಹೆಬ್ಬೆಟ್ಟು. ನಾಳೆ ಬಂದರೆ ಅಳಿಸುವ ಮೊದಲು ಈ ಕಡೆಯಿಂದಲೂ ಒಂದು ಹೂಂ ಕಳಿಸಿ. ಒಂದು ದಿನ ಬಾರದಿದ್ದರೆ ಏಳೂವರೆಯ ತನಕ ಕಾಯಿರಿ, ಆಮೇಲೆ ಫೋನು ಮಾಡಿ.